ಸಿಂಧನೂರಿನ ನಾಲಗೆಗೆ ಜಾವಾದ ಶೇಂಗಾ

ಕಾಲೇಜು ಶುರುವಾಗುವ ದಿನಗಳಲ್ಲಿ ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಬಸ್ ನಿಲ್ದಾಣಗಳಲ್ಲಿ ರಾತ್ರಿಯ ಬೆಂಗಳೂರು ಬಸ್ಸಿನ ಹತ್ತಿರ ಒಂದು ನೋಟ ತಪ್ಪದೆ ಕಾಣುತ್ತದೆ. ಹೊಸ ಸೂಟ್‌ಕೇಸ್ ಹಿಡಿದ ಮಗನೋ ಮಗಳೋ, ಪಕ್ಕದಲ್ಲಿ ಟಿಕೆಟ್ಟನ್ನು ಮೂರನೆಯ ಸಲ ನೋಡುತ್ತಿರುವ ಅಪ್ಪ, ಬಿಳಿ ಬಟ್ಟೆಯಲ್ಲಿ ಕಟ್ಟಿದ ದುಂಡನೆಯ ಗಂಟೊಂದನ್ನು ಯಾರ ಕೈಗೂ ಕೊಡದೆ ಹಿಡಿದುಕೊಂಡಿರುವ ಅವ್ವ. ಸೂಟ್‌ಕೇಸ್ ಬಸ್ಸಿನ ಡಿಕ್ಕಿಗೆ ಹೋಗುತ್ತದೆ. ಗಂಟು ಹೋಗುವುದಿಲ್ಲ. ಅದು ತೊಡೆಯ ಮೇಲೆಯೇ ಬೆಂಗಳೂರು ಮುಟ್ಟಬೇಕು. ಒಳಗಿರುವುದು ಖಡಕ್ ರೊಟ್ಟಿ, ಒತ್ತಿದರೆ ಒಡೆಯುತ್ತದೆ.

ಅವ್ವನ ಲೆಕ್ಕ ಸರಳ. ದಿನಕ್ಕೆ ಎರಡರಂತೆ ನಲವತ್ತು ರೊಟ್ಟಿ ಇಪ್ಪತ್ತು ದಿನಕ್ಕೆ ಸಾಕು. ಅಷ್ಟರಲ್ಲಿ ಊರಿನವರು ಯಾರಾದರೂ ಹೋಗುತ್ತಾರೆ, ಅವರ ಕೈಯಲ್ಲಿ ಇನ್ನೊಂದು ಗಂಟು. ಹಾಸ್ಟೆಲ್ಲಿನ ಲೆಕ್ಕ ಬೇರೆ. ಗಂಟು ಬಿಚ್ಚಿದ ರಾತ್ರಿಯೇ ಕೋಣೆಯ ನಾಲ್ವರೂ ಪಕ್ಕದ ಕೋಣೆಯ ಇಬ್ಬರೂ ಸುತ್ತ ಕೂರುತ್ತಾರೆ. ಮೈಸೂರು ಕಡೆಯ ಹುಡುಗ 'ಇದೇನು ಹಪ್ಪಳವಾ?' ಎಂದು ಕೇಳಿ, ಶೇಂಗಾ ಹಿಂಡಿ ಹಚ್ಚಿಕೊಂಡು ಅಂಥ ಆರು ಹಪ್ಪಳ ತಿಂದು ಮಲಗುತ್ತಾನೆ. ನಾಲ್ಕನೆಯ ದಿನಕ್ಕೆ ಬಟ್ಟೆಯಲ್ಲಿ ಚೂರು ಮಾತ್ರ ಉಳಿದಿರುತ್ತವೆ. ಅಲ್ಲಿಂದ ಹುಡುಕಾಟ ಶುರು.

ಇದನ್ನು ತಮಾಷೆಯ ಸಂಗತಿ ಎಂದು ತಳ್ಳಿಹಾಕುವ ಪಾಲಕರಿದ್ದಾರೆ. 'ಓದಾಕ ಹೋಗ್ಯಾನೋ, ಉಣ್ಣಾಕ ಹೋಗ್ಯಾನೋ' ಎಂಬ ಮಾತು ಅನೇಕ ಮನೆಗಳಲ್ಲಿ ಕೇಳುತ್ತದೆ. ಆದರೆ ಮೊದಲ ಸೆಮಿಸ್ಟರಿನ ನಡುವೆಯೇ ಗಂಟುಮೂಟೆ ಕಟ್ಟಿಕೊಂಡು ಊರಿಗೆ ಬಂದ ಹುಡುಗರನ್ನು ಕೂರಿಸಿಕೊಂಡು ಸಮಾಧಾನವಾಗಿ ಕೇಳಿ ನೋಡಿ. ಇಂಗ್ಲಿಷ್ ತಿಳಿಯಲಿಲ್ಲ ಎಂಬುದು ಒಂದು ಕಾರಣವಾಗಿ ಬರುತ್ತದೆ. ಅದರ ಹಿಂದೆಯೇ, ಸ್ವಲ್ಪ ನಾಚಿಕೆಯಿಂದ, 'ಊಟ ಸೇರಲಿಲ್ಲ' ಎಂಬುದೂ ಬರುತ್ತದೆ. ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ ಸಾಂಬಾರ್, ರಾತ್ರಿ ಮತ್ತೆ ಅನ್ನ. ಹೊಟ್ಟೆ ತುಂಬುತ್ತದೆ, ಉಂಡಂತೆ ಆಗುವುದಿಲ್ಲ. ವಾರಕ್ಕೆರಡು ದಿನ ರಾಗಿ ಮುದ್ದೆ ಇದ್ದರೆ ಅದನ್ನು ರೊಟ್ಟಿಯಂತೆ ಅಗಿಯಲು ಹೋಗಿ, ನುಂಗಬೇಕೆಂದು ಯಾರೋ ಹೇಳಿಕೊಡುವಷ್ಟರಲ್ಲಿ ಪಂಕ್ತಿಯೆಲ್ಲ ನಕ್ಕಿರುತ್ತದೆ. ಮರುದಿನದಿಂದ ಹುಡುಗ ಮೆಸ್ಸಿಗೆ ತಡವಾಗಿ ಹೋಗುತ್ತಾನೆ. ಆಮೇಲೆ ಹೋಗುವುದನ್ನೇ ಬಿಡುತ್ತಾನೆ. ಬಿಸ್ಕತ್ತು, ಚಹಾ, ಮತ್ತೆ ಬಿಸ್ಕತ್ತು.

ಸಂವಿಧಾನಕ್ಕೆ 2012ರಲ್ಲಿ ತಿದ್ದುಪಡಿಯಾಗಿ 371(ಜೆ) ವಿಧಿ ಬಂದ ಮೇಲೆ ರಾಜ್ಯದ ಉಳಿದ ಭಾಗದ ಕಾಲೇಜುಗಳಲ್ಲಿಯೂ ಹೈದರಾಬಾದ್ ಕರ್ನಾಟಕದ ಮಕ್ಕಳಿಗೆ ನೂರಕ್ಕೆ 8ರಷ್ಟು ಸೀಟುಗಳು ಮೀಸಲಾದವು. ಈ ಭಾಗಕ್ಕೆ 2019ರಲ್ಲಿ ಕಲ್ಯಾಣ ಕರ್ನಾಟಕ ಎಂದು ಹೆಸರಾಯಿತು. ಹಿಂದೆ ರಾಯಚೂರು, ಕಲಬುರ್ಗಿ, ಹೆಚ್ಚೆಂದರೆ ಧಾರವಾಡದಲ್ಲಿ ನಿಲ್ಲುತ್ತಿದ್ದ ಮಕ್ಕಳು ಈಗ ಬೆಂಗಳೂರು, ಮೈಸೂರು, ಮಂಗಳೂರಿನವರೆಗೂ ಹೋಗುತ್ತಿದ್ದಾರೆ. ಸೀಟಿನ ಬಗ್ಗೆ ತಿಳಿಸಲು ಪುಸ್ತಿಕೆಗಳಿವೆ, ಸಹಾಯವಾಣಿಗಳಿವೆ. ಸೀಟು ಸಿಕ್ಕ ಊರಿನಲ್ಲಿ ರೊಟ್ಟಿ ಎಲ್ಲಿ ಸಿಗುತ್ತದೆ ಎಂದು ತಿಳಿಸುವ ಪುಸ್ತಿಕೆ ಇಲ್ಲ.

ಇದರಲ್ಲೊಂದು ವಿಚಿತ್ರವೂ ಇದೆ. ರೊಟ್ಟಿಗಾಗಿ ಬಾಯಿ ಬಿಡುವ ಈ ಹುಡುಗ ಬಂದಿರುವುದು ಭತ್ತದ ಸೀಮೆಯಿಂದ! ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದು ಎಡದಂಡೆ ಕಾಲುವೆಯಲ್ಲಿ ನೀರು ಹರಿದ ಮೇಲೆ ಸಿಂಧನೂರಿನ ಕಪ್ಪು ನೆಲದ ಚಹರೆಯೇ ಬದಲಾಯಿತು. ನೀರಾವರಿ ಬೇಸಾಯ ಬಲ್ಲ ಆಂಧ್ರದ ಕರಾವಳಿಯ ರೈತರು ಬಂದು ಹೊಲ ಕೊಂಡರು, 'ಕ್ಯಾಂಪು'ಗಳು ಎದ್ದವು, ಜೋಳದ ಹೊಲ ಗದ್ದೆಯಾಯಿತು. ಇವತ್ತು ಸಿಂಧನೂರಿನ ಸುತ್ತ ಅಕ್ಕಿ ಗಿರಣಿಗಳ ಸಾಲು. ಕಾಲುವೆಯ ನೀರು ಏರದ ಮಸ್ಕಿ, ಲಿಂಗಸುಗೂರಿನ ಎರೆ ಹೊಲಗಳಲ್ಲಿ ಹಿಂಗಾರಿ ಜೋಳ ಇನ್ನೂ ಉಳಿದಿದೆ. ಸಿಂಧನೂರಿನ ಎಷ್ಟೋ ಮನೆಗಳಲ್ಲಿ ಮಾತ್ರ ಸ್ವಂತ ಹೊಲದ ಅಕ್ಕಿ ಮಾರಿ ಸಂತೆಯಿಂದ ಜೋಳ ತರುತ್ತಾರೆ. ಊಟದ ಕೊನೆಗೆ ಒಂದು ಹಿಡಿ ಅನ್ನ ಇರಬೇಕು, ನಿಜ. ಆದರೆ ಅದು ಕೊನೆಗೆ.

ಊರು ಬಿಟ್ಟು ಬಂದವರು ತಮ್ಮ ಊಟವನ್ನು ಹುಡುಕಿಕೊಳ್ಳುವುದು ಹೇಗೆ ಎಂಬ ಪಾಠವನ್ನು ಕಲಿಯಲು ಈ ಮಕ್ಕಳು ದೂರ ಹೋಗಬೇಕಾಗಿಯೂ ಇಲ್ಲ. ಕ್ಯಾಂಪಿನ ತೆಲುಗರು ಗೊಂಗುರ ಹುಡುಕಿದರು. ಇಲ್ಲಿ ಅದು ಪುಂಡಿಪಲ್ಯವೆಂಬ ಹೆಸರಿನಲ್ಲಿ ಮೊದಲೇ ಕಾಯುತ್ತಿತ್ತು. 1970ರ ದಶಕದ ಮೊದಲ ವರ್ಷಗಳಲ್ಲಿ ಪೂರ್ವ ಬಂಗಾಳದಿಂದ ಬಂದ ಕುಟುಂಬಗಳಿಗೆ ಸಿಂಧನೂರು ತಾಲ್ಲೂಕಿನಲ್ಲಿ ಪುನರ್ವಸತಿ ಕೊಟ್ಟರು. ಆರ್.ಎಚ್. ಕ್ಯಾಂಪು ಎಂದರೆ ಇಡೀ ಜಿಲ್ಲೆಗೆ ಗೊತ್ತು. ನದಿ, ಕೆರೆ, ಮೀನು, ಸಾಸಿವೆ ಎಣ್ಣೆಯ ನಾಡಿನಿಂದ ಬಂದ ಆ ಜನ ಈ ಬಿಸಿಲಿನಲ್ಲಿ ಕಾಲುವೆ ದಂಡೆಯ ಭತ್ತವನ್ನು ನೆಚ್ಚಿ ನಿಂತರು. ಅವರ 'ಮುಡಿ' ಎಂದರೆ ಇಲ್ಲಿಯ ಮಂಡಾಳು. ಅವರು ಅದಕ್ಕೆ ಹಸಿ ಸಾಸಿವೆ ಎಣ್ಣೆ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಕಲಸುತ್ತಾರೆ. ಇಲ್ಲಿಯವರು ಒಗ್ಗರಣೆ ಕೊಟ್ಟು ಪುಟಾಣಿ ಪುಡಿ ಉದುರಿಸಿ, ಜೊತೆಗೆ ಮಿರ್ಚಿ ಕಡಿಯುತ್ತಾರೆ. ಪರಊರಿನಲ್ಲಿ ತನ್ನದೇ ಊಟ ಸಿಗದಿದ್ದರೆ ಅದರ ನೆಂಟರನ್ನಾದರೂ ಹುಡುಕಬೇಕು ಎಂಬುದು ಅವರಿಗೆ ಐವತ್ತು ವರ್ಷದ ಹಿಂದೆಯೇ ಗೊತ್ತಾಗಿತ್ತು.

ಬೆಂಗಳೂರಿನಲ್ಲಿ ನೆಂಟರನ್ನೇನೂ ಹುಡುಕಬೇಕಾಗಿಲ್ಲ, ರೊಟ್ಟಿಯೇ ಸಿಗುತ್ತದೆ. ಗಾಂಧಿನಗರದ ಕಾಮತ್ ಹೋಟೆಲಿನಂಥ ಕಡೆ ಜೋಳದ ರೊಟ್ಟಿ ಊಟಕ್ಕೆ ಹಳೆಯ ಹೆಸರಿದೆ. ಆದರೆ ತಿಂಗಳಿಗೆ ಇಷ್ಟೇ ಎಂದು ಎಣಿಸಿ ಕಳಿಸಿದ ಹಣದಲ್ಲಿ ವಿದ್ಯಾರ್ಥಿ ದಿನಾ ದೊಡ್ಡ ಹೋಟೆಲಿಗೆ ಹೋಗಲಾರ. ಅಪ್ಪ ಬಂದ ದಿನಕ್ಕೆ ಅದು ಸರಿ. ದಿನದ ಊಟಕ್ಕೆ ಬೇಕಾದದ್ದು ಖಾನಾವಳಿ. ಸ್ಪರ್ಧಾ ಪರೀಕ್ಷೆಯ ತರಬೇತಿಗೆ ಉತ್ತರದ ಜಿಲ್ಲೆಗಳ ಹುಡುಗರು ತುಂಬಿರುವ ವಿಜಯನಗರ, ಚಂದ್ರಾ ಲೇಔಟ್ ಕಡೆ 'ಉತ್ತರ ಕರ್ನಾಟಕ ಶೈಲಿಯ ಊಟ' ಎಂಬ ಫಲಕಗಳಿಗೆ ಬರವಿಲ್ಲ. ಫಲಕ ಇದ್ದ ಮಾತ್ರಕ್ಕೆ ಊಟ ಇರುತ್ತದೆಯೇ, ಅದು ಬೇರೆ ಮಾತು.

ಒಳ್ಳೆಯ ಖಾನಾವಳಿಯನ್ನು ಕಣ್ಣಿಗಿಂತ ಮೊದಲು ಕಿವಿ ಹಿಡಿಯುತ್ತದೆ. ಒಳಗಿನಿಂದ ಪಟಪಟ ಎಂದು ರೊಟ್ಟಿ ಬಡಿಯುವ ಸದ್ದು ಬರುತ್ತಿದ್ದರೆ ನಿಶ್ಚಿಂತೆಯಿಂದ ಕೂರಬಹುದು. ಸದ್ದಿಲ್ಲದ ಕಡೆ ರೊಟ್ಟಿ ಪ್ಯಾಕೆಟ್ಟಿನದು, ಹಂಚಿನ ಮೇಲೆ ಒಮ್ಮೆ ಬಿಸಿ ತೋರಿಸಿ ತಂದದ್ದು. ಜೋಳದ ಹಿಟ್ಟಿನಲ್ಲಿ ಗೋಧಿಯಲ್ಲಿರುವಂಥ ಅಂಟು ಇಲ್ಲ. ಕುದಿಯುವ ನೀರು ಹಾಕಿ ಹಿಟ್ಟಿನ ಪಿಷ್ಟವನ್ನು ಅರೆಬೇಯಿಸಿದರೆ ಮಾತ್ರ ಅದು ಒಂದಾಗಿ ನಿಲ್ಲುತ್ತದೆ, ಅದೂ ಹಿಟ್ಟು ಹೊಸದಿದ್ದರೆ. ಬೀಸಿ ಬಹಳ ದಿನವಾದ ಹಿಟ್ಟಿಗೆ ಜಿಗಿ ಇರುವುದಿಲ್ಲ, ಬಡಿಯುವಾಗ ಅಂಚು ಸೀಳುತ್ತದೆ. ಅದಕ್ಕೇ ಕೆಲವರು ಮೈದಾ ಬೆರೆಸುತ್ತಾರೆ. ಅಂಥ ರೊಟ್ಟಿ ನೋಡಲು ಚೆಂದ, ಹರಿದರೆ ರಬ್ಬರಿನಂತೆ ಎಳೆಯುತ್ತದೆ. ರೊಟ್ಟಿಯನ್ನು ಮುರಿಯಬೇಕು, ಎಳೆಯಬಾರದು. ಎರಡನೆಯದು, ಎಣ್ಣೆಗಾಯಿ ಬದನೆ. ಅದರಲ್ಲಿ ಸಕ್ಕರೆ ಹೆಚ್ಚಾಗಿ ಕೆನೆ ತೇಲುತ್ತಿದ್ದರೆ ಅಡುಗೆಯವರು ರಾಯಚೂರು ಕಡೆಯವರಲ್ಲ, ಅಥವಾ ಕಡೆಯವರಾದರೂ ಗಿರಾಕಿಗೆ ಹೆದರಿದ್ದಾರೆ. ಮೂರನೆಯದಕ್ಕೆ ಕಾಸು ಖರ್ಚಿಲ್ಲ. ಶೇಂಗಾ ಹಿಂಡಿಯ ಡಬ್ಬಿ ಟೇಬಲ್ಲಿನ ಮೇಲೆಯೇ ಇದೆಯೋ, ಕೇಳಿದರೆ ಚಮಚದಲ್ಲಿ ಅಳೆದು ಕೊಡುತ್ತಾರೋ ನೋಡಿಕೊಳ್ಳುವುದು. ಅಳೆಯುವವರ ಹತ್ತಿರ ಎರಡನೆಯ ಸಲ ಹೋಗುವುದು ಬೇಡ.

ಫಲಕ ನಂಬುವುದಕ್ಕಿಂತ ಮೆಜೆಸ್ಟಿಕ್ಕಿನಲ್ಲಿ ಊರಿನ ಬಸ್ಸಿನ ಡ್ರೈವರ್, ಕಂಡಕ್ಟರರನ್ನು ಕೇಳುವುದು ಮೇಲು. ರಾತ್ರಿಯೆಲ್ಲ ಬಸ್ಸು ಓಡಿಸಿ ಬಂದವರು ಚೆಂದದ ಕುರ್ಚಿ ನೋಡಿ ಊಟಕ್ಕೆ ಹೋಗುವುದಿಲ್ಲ.

ಹೆಣ್ಣುಮಕ್ಕಳ ಪಾಡು ಬೇರೆ. ರಾತ್ರಿ ಎಂಟರ ಮೇಲೆ ಗಂಡಸರೇ ತುಂಬಿದ ಖಾನಾವಳಿಗೆ ಒಬ್ಬಳೇ ಹೋಗಲು ಹಿಂಜರಿಯುವ ಹುಡುಗಿಗೆ 'ಎಷ್ಟೊಂದು ಖಾನಾವಳಿ ಅದಾವಲ್ಲ' ಎಂದು ಹೇಳಿ ಪ್ರಯೋಜನವಿಲ್ಲ. ಮನೆಯಲ್ಲೇ ರೊಟ್ಟಿ ಮಾಡಿ ಎಣಿಸಿ ಮಾರುವ ಹೆಂಗಸರು ಈ ಬಡಾವಣೆಗಳಲ್ಲಿ ಇದ್ದಾರೆ. ಎರಡು ಮೂರು ಹುಡುಗಿಯರು ಸೇರಿ ಅವರಲ್ಲಿ ವಾರಕ್ಕೊಮ್ಮೆ ಹೇಳಿಟ್ಟರೆ ಕೆಲಸವಾಗುತ್ತದೆ. ಮಗಳನ್ನು ಬಿಡಲು ಬಂದ ಅವ್ವ ಹಾಸ್ಟೆಲ್ಲಿನ ವಾರ್ಡನ್‌ರನ್ನು ನೋಡುವಷ್ಟೇ ಮುಖ್ಯವಾಗಿ ಅಂಥ ಒಂದು ಮನೆಯನ್ನು ನೋಡಿ ಮಾತಾಡಿಸಿ ಬಂದರೆ ಒಳ್ಳೆಯದು.

ಇಷ್ಟೆಲ್ಲ ಬೆಂಗಳೂರಿನ ಮಾತಾಯಿತು. ಅಲ್ಲಿಂದ ಮುಂದೆ ವಿದೇಶಕ್ಕೆ ಹೋಗುವ ಮಕ್ಕಳೂ ಈಗ ಈ ತಾಲ್ಲೂಕುಗಳಲ್ಲಿದ್ದಾರೆ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಕಲಿತವರಿಗೆ ನೆದರ್‌ಲೆಂಡ್ಸ್‌ನ ವಾಗೆನಿಂಗೆನ್ ಪರಿಚಿತ ಹೆಸರು, ಕೃಷಿ ವಿಜ್ಞಾನಕ್ಕೆ ಅದು ಜಗತ್ತಿನಲ್ಲೇ ಹೆಸರಾದ ವಿಶ್ವವಿದ್ಯಾಲಯ. ಎಂಜಿನಿಯರಿಂಗಿಗೆ ಡೆಲ್ಫ್ಟ್ ಇದೆ. ಮಸ್ಕಿಯ ಹುಡುಗ ಲೈಡನ್ನಿಗೆ ಹೋದರೆ ಊರ ಹೆಸರು ಹೇಳಲು ಸಂಕೋಚಪಡಬೇಕಾಗಿಲ್ಲ. ಅಲ್ಲಿ ಸಂಸ್ಕೃತ ಪೀಠ 1865ರಿಂದ ಇದೆ, ಅಶೋಕನ ಹೆಸರನ್ನೇ ಹೇಳುವ ಶಾಸನ 1915ರಲ್ಲಿ ಸಿಕ್ಕ ಊರು ಯಾವುದೆಂದು ಬಲ್ಲವರು ಅಲ್ಲಿ ಸಿಕ್ಕಾರು. ಆದರೆ ಶಾಸನದಿಂದ ಹೊಟ್ಟೆ ತುಂಬುವುದಿಲ್ಲ. ಡಚ್ಚರ ಮಧ್ಯಾಹ್ನದ ಊಟವೆಂದರೆ ತಣ್ಣನೆಯ ಬ್ರೆಡ್ಡು, ಅದರ ಮೇಲೆ ಚೀಸು. ರಾತ್ರಿ ಬೇಯಿಸಿದ ಆಲೂಗಡ್ಡೆ. ಖಾರ ಎಂಬ ಮಾತೇ ಇಲ್ಲ. ಭಾರತೀಯ ಹೋಟೆಲಿಗೆ ಹೋದರೆ ಪಂಜಾಬಿನ ಪನೀರು, ನಾನ್. ಬೆಲೆಯೋ, ವಾರದ ತರಕಾರಿಯ ದುಡ್ಡು.

ಹೀಗೆ ಕಂಗಾಲಾದ ಹುಡುಗನಿಗೆ ಆ ದೇಶದಲ್ಲಿ ಒಂದು ಅನಿರೀಕ್ಷಿತ ಅಡುಗೆಮನೆ ತೆರೆದಿರುತ್ತದೆ. ಅದು ಇಂಡೊನೇಷ್ಯದ್ದು.

ಡಚ್ಚರು ಜಾವಾ, ಸುಮಾತ್ರ ಮೊದಲಾದ ದ್ವೀಪಗಳನ್ನು ಬಹುಕಾಲ ಆಳಿದರು. ಇಂಡೊನೇಷ್ಯ 1945ರ ಆಗಸ್ಟ್ 17ರಂದು ಸ್ವಾತಂತ್ರ್ಯ ಘೋಷಿಸಿಕೊಂಡಿತು. ಡಚ್ಚರು ಅದನ್ನು ಒಪ್ಪಿದ್ದು 1949ರ ಡಿಸೆಂಬರಿನಲ್ಲಿ. ಆ ಗಲಾಟೆಯ ವರ್ಷಗಳಲ್ಲಿ, ಅದರ ನಂತರವೂ, ಸುಮಾರು 3 ಲಕ್ಷ ಜನ ಅಲ್ಲಿಂದ ನೆದರ್‌ಲೆಂಡ್ಸ್‌ಗೆ ಬಂದರು. ಅವರಲ್ಲಿ ಬಹುಮಂದಿ ಡಚ್ ಮತ್ತು ಇಂಡೊನೇಷ್ಯ ಎರಡೂ ರಕ್ತದವರು. ಕಂಡೇ ಇರದ 'ತಾಯ್ನಾಡಿ'ಗೆ ಬಂದಿಳಿದ ಅವರಿಗೆ ಚಳಿಯ ಜೊತೆಗೆ ಎದುರಾದದ್ದು ಇದೇ ಆಲೂಗಡ್ಡೆ. ಅವರೂ ಹುಡುಕಿದರು, ಸಿಗಲಿಲ್ಲ, ತಾವೇ ಅಂಗಡಿ ಇಟ್ಟರು. ಇಂಡೊನೇಷ್ಯದ ಭಾಷೆಯಲ್ಲಿ ಅಂಗಡಿಗೆ 'ತೊಕೊ' ಎನ್ನುತ್ತಾರೆ. ಇಂದು ನೆದರ್‌ಲೆಂಡ್ಸ್‌ನ ಯಾವ ದೊಡ್ಡ ಊರಿನಲ್ಲಿಯೂ ತೊಕೊ ಎಂದರೆ ಸಾಕು, ದಾರಿ ತೋರಿಸುತ್ತಾರೆ. ಹೇಗ್ ನಗರವಂತೂ ಈ ಜನರ ರಾಜಧಾನಿಯಂತೆ. 1959ರಲ್ಲಿ ಅವರು ಅಲ್ಲಿ ಶುರುಮಾಡಿದ ಜಾತ್ರೆಗೆ 'ಪಸಾರ್ ಮಲಾಮ್', ಅಂದರೆ ರಾತ್ರಿಯ ಬಜಾರು, ಎಂದು ಹೆಸರಿಟ್ಟರು.

ಫಲಕದ ಮೋಸ ಇಲ್ಲಿಯೂ ಇದೆ. ಪ್ರವಾಸಿಗರ ಬೀದಿಯ ಹೋಟೆಲುಗಳಲ್ಲಿ 'ರೈಸ್‌ಟಾಫಲ್' ಎಂಬ ಊಟ ಕೊಡುತ್ತಾರೆ. ಹದಿನೈದು ಇಪ್ಪತ್ತು ಪುಟ್ಟ ಬಟ್ಟಲುಗಳು, ನಡುವೆ ಅನ್ನ. ಇದು ತೋಟದ ಡಚ್ ಸಾಹೇಬರು ತಮ್ಮ ದರ್ಬಾರಿಗೆಂದು ಕಟ್ಟಿಕೊಂಡ ಊಟ. ಜಾವಾದ ಮನೆಯಲ್ಲಿ ಯಾರೂ ದಿನಾ ಹೀಗೆ ಉಣ್ಣುವುದಿಲ್ಲ. ಇನ್ನು 'ಚೀನಾ-ಇಂಡೊನೇಷ್ಯ' ಎಂದು ಬರೆದ ಹೋಟೆಲುಗಳಲ್ಲಿ ಡಚ್ ನಾಲಗೆಗೆಂದು ಖಾರ ತೆಗೆದು ಸಿಹಿ ಸುರಿದಿರುತ್ತಾರೆ, ಬೆಂಗಳೂರಿನ ಕೆನೆ ತೇಲುವ ಎಣ್ಣೆಗಾಯಿಯ ಹಾಗೆಯೇ. ಒಳ್ಳೆಯದನ್ನು ಹುಡುಕುವವರು ಚಿಕ್ಕ ತೊಕೊಗೆ ಹೋಗಬೇಕು. ಗಾಜಿನ ಹಿಂದೆ ಹತ್ತು ತಟ್ಟೆಗಳಲ್ಲಿ ಅಡುಗೆ, ಕೂರಲು ಮೂರೋ ನಾಲ್ಕೋ ಕುರ್ಚಿ, ಗೋಡೆಗೆ ಒರಗಿದ ಅಕ್ಕಿ ಚೀಲ, ಕಡಾಯಿಯ ಹತ್ತಿರ ವಯಸ್ಸಾದ ಹೆಂಗಸು. ಇಂಡೊನೇಷ್ಯದಿಂದ ಈಚೆಗೆ ಓದಲು ಬಂದ ಹುಡುಗರು ಅಲ್ಲಿ ನಿಂತಿದ್ದರೆ ಅನುಮಾನವೇ ಬೇಡ. ತರಗತಿಯಲ್ಲಿ ಅಂಥ ಸಹಪಾಠಿ ಇದ್ದರೆ ಅವರನ್ನೇ ಕೇಳುವುದು ಇನ್ನೂ ಮೇಲು. ಊಟದ ವಿಷಯ ಕೇಳಿದರೆ ಮುಖ ಅರಳದ ಪರದೇಶಿ ವಿದ್ಯಾರ್ಥಿ ಎಲ್ಲಿಯೂ ಇಲ್ಲ. 'ನಾಸಿ ರಾಮೆಸ್' ಎಂದು ಕೇಳಿದರೆ ಒಂದೇ ತಟ್ಟೆಯಲ್ಲಿ ಅನ್ನದ ಜೊತೆ ಮೂರು ನಾಲ್ಕು ಬಗೆ ಹಾಕಿಕೊಡುತ್ತಾರೆ. ಟೇಬಲ್ಲಿನ ಮೇಲೆ ಸಂಬಾಲ್ ಇರುತ್ತದೆ. ಹೆಸರು ಕೇಳಿ ಸಾಂಬಾರ್ ಎಂದುಕೊಂಡು ಅನ್ನಕ್ಕೆ ಸುರಿದುಕೊಂಡರೆ ಕಣ್ಣೀರು ಬರುತ್ತದೆ. ಅದು ಕೆಂಪು ಮೆಣಸಿನಕಾಯಿ ಅರೆದ ಖಾರ, ಊರಿನ ರಂಜಕದ ಅಣ್ಣ.

ಆದರೆ ಸಿಂಧನೂರಿನ ನಾಲಗೆ ನಿಜವಾಗಿ ಬೆಚ್ಚಿಬೀಳುವುದು ಶೇಂಗಾಕ್ಕೆ. ಗಾಡೊ-ಗಾಡೊ ಎಂಬುದು ಬೇಯಿಸಿದ ಮತ್ತು ಹಸಿ ತರಕಾರಿಗಳ ಮೇಲೆ ಶೇಂಗಾದ ದಪ್ಪ ಗೊಜ್ಜು ಸುರಿದ ತಟ್ಟೆ. ಜಾವಾದ ಪೆಚೆಲ್ ಕೂಡ ಇದೇ ಮನೆತನದ್ದು, ಇನ್ನೂ ಖಾರ, ಇನ್ನೂ ಸಾದಾ. ಆ ಗೊಜ್ಜಿನಲ್ಲಿ ಏನಿದೆ? ಹುರಿದ ಶೇಂಗಾ, ಒಣಮೆಣಸಿನಕಾಯಿ ಅಥವಾ ಹಸಿಯದು, ಬೆಳ್ಳುಳ್ಳಿ, ಹುಣಸೆಹುಳಿ, ಉಪ್ಪು, ಒಂದು ಚೂರು ಬೆಲ್ಲ. ಕಲ್ಲಿನ ಮೇಲೆ ಅರೆದದ್ದು. ಕಚೋರದ ಜಾತಿಯ ಒಂದು ಬೇರು ಮತ್ತು ಒಂದು ಬಗೆಯ ನಿಂಬೆಯ ಎಲೆ ಬಿಟ್ಟರೆ ಉಳಿದದ್ದೆಲ್ಲ ಲಿಂಗಸುಗೂರಿನ ಯಾವ ಅಡುಗೆಮನೆಯ ಡಬ್ಬಿಗಳಲ್ಲಿಯೂ ಇದೆ. ಬೆಲ್ಲಕ್ಕೆ ಅವರು 'ಗುಲಾ ಜಾವಾ' ಎನ್ನುತ್ತಾರೆ, ತೆಂಗಿನ ಜಾತಿಯ ಮರದ ಬೆಲ್ಲ. ಆ ಗುಲಾ ಸಂಸ್ಕೃತದ ಗುಡದ ಮೊಮ್ಮಗ. ಬ್ರೆಡ್ಡಿಗೆ ಆ ಭಾಷೆಯಲ್ಲಿ 'ರೊತಿ' ಎಂಬ ಹೆಸರಿರುವುದನ್ನು ಕೇಳಿದ ಹುಡುಗನಿಗೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ಇನ್ನೂ ಇದೆ. ಸೆರುಂದೆಂಗ್ ಎಂಬುದು ಕೊಬ್ಬರಿ ತುರಿ ಮತ್ತು ಶೇಂಗಾ ಹುರಿದ ಒಣಪುಡಿ, ಬಾಯಿಗೆ ಹಾಕಿದರೆ ಕೊಬ್ಬರಿ ಹಿಂಡಿ ನೆನಪಾಗುತ್ತದೆ. ಉರಾಪ್ ಎಂದರೆ ಬೇಯಿಸಿದ ಸೊಪ್ಪು ತರಕಾರಿಗೆ ಮಸಾಲೆ ಕಲಸಿದ ತೆಂಗಿನ ತುರಿ. ತೆಂಪೆ ಮಾತ್ರ ಹೊಸ ರುಚಿ. ಬೇಯಿಸಿದ ಸೋಯಾ ಕಾಳಿಗೆ ಒಂದು ಬಗೆಯ ಬೂಸ್ಟು ಹಿಡಿಸಿ ಬಿಲ್ಲೆಯಂತೆ ಗಟ್ಟಿಯಾಗಿಸುತ್ತಾರೆ. ಬೂಸ್ಟು ಎಂದೊಡನೆ ಮುಖ ಸಿಂಡರಿಸಬೇಕಾಗಿಲ್ಲ, ಇಡ್ಲಿ ಹಿಟ್ಟು ಹುದುಗುವುದೂ ಕಣ್ಣಿಗೆ ಕಾಣದ ಜೀವಿಗಳಿಂದಲೇ. ಖಾರದಲ್ಲಿ ಹುರಿದ ತೆಂಪೆ ಕಾಳುಪಲ್ಯದ ಜಾಗವನ್ನು ಚೆನ್ನಾಗಿ ತುಂಬುತ್ತದೆ, ಅಗ್ಗವೂ ಹೌದು.

ಸಸ್ಯಾಹಾರಿ ಮನೆಗಳ ಪಾಲಕರು ಇಲ್ಲಿ ಸ್ವಲ್ಪ ಗಮನ ಕೊಡಬೇಕು. ಈ ಅಡುಗೆಯಲ್ಲಿ ಕಣ್ಣಿಗೆ ಬೀಳದ ಒಂದು ವಸ್ತು ಇರುತ್ತದೆ, ತೆರಾಸಿ. ಸಿಗಡಿಯನ್ನು ಉಪ್ಪು ಹಾಕಿ ಕೊಳೆಸಿ ಒಣಗಿಸಿದ ಮುದ್ದೆ. ಸಂಬಾಲಿನಲ್ಲಿ, ಎಷ್ಟೋ ಸಲ ಶೇಂಗಾ ಗೊಜ್ಜಿನಲ್ಲಿಯೂ ಚೂರು ಬಿದ್ದಿರುತ್ತದೆ. ಬರೀ ಸಸ್ಯಾಹಾರ ಎಂದರೆ ಸಾಲದು, ಅಂಗಡಿಯವರ ಮನಸ್ಸಿನಲ್ಲಿ ತೆರಾಸಿ ಮಾಂಸದ ಲೆಕ್ಕಕ್ಕೆ ಬರುವುದಿಲ್ಲ. 'ತಾನ್ಪಾ ತೆರಾಸಿ', ಅಂದರೆ ತೆರಾಸಿ ಇಲ್ಲದ್ದು, ಎಂದು ಬಿಡಿಸಿ ಕೇಳಬೇಕು. ಗಾಡೊ-ಗಾಡೊದ ಮೇಲೆ ಮೊಟ್ಟೆಯ ಹೋಳು ಇಡುವುದು ವಾಡಿಕೆ. ಬೇಡದವರು ಮೊದಲೇ ಹೇಳಬೇಕು. ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಕೆರುಪುಕ್ ಎಂಬ ಗರಿಗರಿ ಬಿಲ್ಲೆಗೆ. ನೋಡಲು ಥೇಟ್ ಸಂಡಿಗೆ. ಬಹುಪಾಲು ಸಿಗಡಿ ಬೆರೆಸಿ ಮಾಡಿದ್ದು. ಮನೆಯ ಸಂಡಿಗೆಯ ನೆನಪಿನಲ್ಲಿ ನಾಲ್ಕು ತಿಂದ ಮೇಲೆ ಚೀಟಿ ಓದಿ ಪೆಚ್ಚಾದವರಿದ್ದಾರೆ. ಸಸ್ಯಾಹಾರಿಗಳಿಗೆ ಒಂದು ಮರದ ಬೀಜವನ್ನು ಜಜ್ಜಿ ಮಾಡುವ ಎಂಪಿಂಗ್ ಇದೆ. ತುಸು ಕಹಿ, ಆದರೆ ಹಿತವಾದ ಕಹಿ.

ಮಾಂಸಾಹಾರಿಗಳಿಗೆ ಇಷ್ಟು ತೊಡಕಿಲ್ಲ. ಹೆಚ್ಚಿನ ಇಂಡೊನೇಷ್ಯದವರು ಮುಸ್ಲಿಮರಾದ್ದರಿಂದ ಮುದಗಲ್ಲಿನ ಮುಸ್ಲಿಂ ಮನೆಯ ಹುಡುಗನೂ ಹಲಾಲ್ ಫಲಕದ ತೊಕೊ ಹುಡುಕಿಕೊಳ್ಳುವುದು ಸುಲಭ.

ಇಷ್ಟು ದೂರದ ಎರಡು ಊರುಗಳ ರುಚಿ ಹೀಗೆ ಕೂಡಿದ್ದು ಹೇಗೆ? ಶೇಂಗಾ, ಮೆಣಸಿನಕಾಯಿ ಎರಡೂ ರಾಯಚೂರಿನವಲ್ಲ, ಜಾವಾದವೂ ಅಲ್ಲ. ಎರಡೂ ಅಮೆರಿಕ ಖಂಡದ ಬೆಳೆಗಳು. ಯುರೋಪಿನ ಕಡಲ ವ್ಯಾಪಾರಿಗಳ ಹಡಗಿನಲ್ಲಿ ಏಷ್ಯಕ್ಕೆ ಬಂದವು. ಬಂದ ಕಡೆಯೆಲ್ಲ ಹುಣಸೆ, ಬೆಲ್ಲ, ಬೆಳ್ಳುಳ್ಳಿ ಮೊದಲೇ ಕೂತಿದ್ದವು. ಒಂದೇ ಸಾಮಾನು ಎರಡು ಅಡುಗೆಮನೆಗೆ ಹೋದರೆ ಎರಡೂ ಕಡೆಯ ಹೆಂಗಸರು ಸರಿಸುಮಾರು ಒಂದೇ ಚಟ್ನಿ ಅರೆದರು.

ಅಕ್ಕಿಯ ಕಥೆ ಇನ್ನೂ ಹತ್ತಿರದ್ದು. ಹಸಿರು ಕ್ರಾಂತಿಯ ಹೆಸರಾಂತ ಭತ್ತ ಐಆರ್-8 ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಿಂದ 1966ರಲ್ಲಿ ಹೊರಬಂತು. ಅದರ ಒಂದು ಪಾಲು ತೈವಾನಿನ ಗಿಡ್ಡ ತಳಿ, ಇನ್ನೊಂದು ಪಾಲು ಇಂಡೊನೇಷ್ಯದ 'ಪೆತಾ'. ಆ ಪೆತಾಗೆ ತಂದೆತಾಯಿಗಳಲ್ಲಿ ಒಬ್ಬರು ಬಂಗಾಳದ ಲತಿಸೈಲ್ ಎಂಬ ಭತ್ತ! ಇನ್ನು ಸಿಂಧನೂರಿನ ಗಿರಣಿಗಳ ಚೀಲದ ಮೇಲೆ ಮೆರೆಯುವ ಸೋನಾ ಮಸೂರಿಯ ಮಸೂರಿಯನ್ನು ಮೈಸೂರು ಎಂದು ತಿಳಿದವರೇ ಹೆಚ್ಚು. ಅದು ಇಂಡೊನೇಷ್ಯದ ನೆರೆಯ ಮಲೇಷ್ಯದಲ್ಲಿ 1965ರಲ್ಲಿ ಬಿಡುಗಡೆಯಾದ 'ಮಹ್ಸುರಿ' ತಳಿಯ ಹೆಸರು. ಸೋನಾ ಮತ್ತು ಮಹ್ಸುರಿ ಕೂಡಿ ಸೋನಾ ಮಸೂರಿ. ಆರ್.ಎಚ್. ಕ್ಯಾಂಪಿನ ಬಂಗಾಳಿ ರೈತ, ಗಾಂಧಿನಗರ ಕ್ಯಾಂಪಿನ ತೆಲುಗು ರೈತ, ಹೇಗ್‌ನ ತೊಕೊದಲ್ಲಿ ನಿಂತ ಮಸ್ಕಿಯ ಹುಡುಗ ಇವರೆಲ್ಲರ ತಟ್ಟೆಗಳ ನಡುವೆ ಒಂದು ನೆಂಟಸ್ತಿಕೆ ಹೊಲದಲ್ಲಿಯೇ ನಡೆದುಹೋಗಿದೆ.

ರೊಟ್ಟಿಯನ್ನಂತೂ ಯಾವ ತೊಕೊವೂ ಕೊಡದು. ಸುರಿನಾಮಿನಿಂದ ಬಂದವರ ಅಂಗಡಿಗಳಲ್ಲಿ 'ರೋಟಿ' ಎಂಬ ಫಲಕ ಕಂಡು ಓಡಿಹೋಗುವವರಿದ್ದಾರೆ. 1873ರಿಂದ ಭೋಜಪುರಿ ಸೀಮೆಯ ಕೂಲಿಗಳನ್ನೂ 1890ರಿಂದ ಜಾವಾದವರನ್ನೂ ಡಚ್ಚರು ದಕ್ಷಿಣ ಅಮೆರಿಕದ ಆ ವಸಾಹತಿಗೆ ಸಾಗಿಸಿದ್ದರು. ಅವರ ಮಕ್ಕಳು ಮೊಮ್ಮಕ್ಕಳು 1975ರ ಆಸುಪಾಸಿನಲ್ಲಿ ನೆದರ್‌ಲೆಂಡ್ಸ್ ಸೇರಿದರು. ಆ ರೋಟಿ ಗೋಧಿ ಮೈದಾದ್ದು, ಒಳಗೆ ಬೇಳೆಯ ಪುಡಿ. ರುಚಿಯಾಗಿದೆ, ರೊಟ್ಟಿಯಲ್ಲ. ಜೋಳದ ಹಿಟ್ಟು ಭಾರತೀಯ ದಿನಸಿ ಅಂಗಡಿಗಳಲ್ಲಿ 'ಜ್ವಾರ್' ಎಂಬ ಹೆಸರಿನಲ್ಲಿ ಸಿಗುತ್ತದೆ. ಬೀಸಿದ ತಾರೀಕು ನೋಡಿ ಚಿಕ್ಕ ಪೊಟ್ಟಣವನ್ನೇ ಕೊಳ್ಳಬೇಕು. ದೊಡ್ಡ ಚೀಲ ಅಗ್ಗವೆಂದು ತಂದರೆ ಎರಡನೆಯ ತಿಂಗಳಿಗೆ ಅಂಬಲಿಯೇ ಗತಿ. ವಿದ್ಯುತ್ ಒಲೆಯ ಮೇಲೆ ರೊಟ್ಟಿ ಉಬ್ಬುವುದು ಕಷ್ಟ. ರಾತ್ರಿ ಹತ್ತಕ್ಕೆ ಬಡಿಯಲು ಕೂತರೆ ಕೆಳಗಿನ ಮನೆಯವರು ಬಂದು ಬಾಗಿಲು ಬಡಿಯುತ್ತಾರೆ. ಒಗ್ಗರಣೆಯ ಹೊಗೆಗೆ ಗಂಟೆ ಕೂಗಿ ಇಡೀ ಹಾಸ್ಟೆಲ್ಲು ಚಳಿಯಲ್ಲಿ ಬೀದಿಗೆ ಬರುವುದೂ ಉಂಟು. ಕಿಟಕಿ ತೆರೆದು, ಅಡುಗೆಕೋಣೆಯ ಬಾಗಿಲು ಹಾಕಿ ಒಗ್ಗರಣೆ ಕೊಡುವುದನ್ನು ಕಲಿಯಬೇಕು.

ಹೊರಡುವ ಮೊದಲು ಮನೆಯಲ್ಲಿ ಸಾಮಾನು ಕಟ್ಟುವವರಿಗೆ ಒಂದು ಮಾತು. ಯುರೋಪಿನ ಒಕ್ಕೂಟದ ದೇಶಗಳಿಗೆ ಪ್ರಯಾಣಿಕರು ಹೊರಗಿನಿಂದ ಹಾಲಿನ ಮತ್ತು ಮಾಂಸದ ಪದಾರ್ಥ ಒಯ್ಯುವಂತಿಲ್ಲ. ಪೇಡಾ, ಕುಂದಾ, ತುಪ್ಪ ವಿಮಾನ ನಿಲ್ದಾಣದ ಕಸದ ಡಬ್ಬಿಗೆ ಹೋಗುತ್ತವೆ. ಆ ಜಾಗದಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ ಕಟ್ಟುವುದು ಲೇಸು. ರೊಟ್ಟಿಯನ್ನು ಬಟ್ಟೆಯ ಗಂಟಿನ ಬದಲು ಸ್ಟೀಲ್ ಡಬ್ಬಿಯಲ್ಲಿ ನಿಲ್ಲಿಸಿ ಇಟ್ಟರೆ ಒಡೆಯುವುದು ಕಡಿಮೆ. ಒಡೆದರೂ ನಷ್ಟವಿಲ್ಲ. ಚೂರಿಗೆ ಒಗ್ಗರಣೆ ಕೊಟ್ಟರೆ ಬೆಳಗಿನ ತಿಂಡಿ, ಶೇಂಗಾ ಗೊಜ್ಜಿನಲ್ಲಿ ನೆನೆಸಿದರೆ ಇನ್ನೊಂದು ಊಟ. ಪೆಚೆಲ್ ಗೊಜ್ಜಿಗೆ ಖಡಕ್ ರೊಟ್ಟಿ ಮುರಿದು ಅದ್ದಿ ತಿಂದು ನೋಡಿದ ಮೇಲೆ ಇಂಡೊನೇಷ್ಯದ ಸಹಪಾಠಿಯೇ ಮುಂದಿನ ಗಂಟು ಯಾವಾಗ ಬರುತ್ತದೆಂದು ಕೇಳತೊಡಗಿದರೆ ಆಶ್ಚರ್ಯವಿಲ್ಲ.

ಭಾನುವಾರ ವಿಡಿಯೊ ಕಾಲ್ ಬರುತ್ತದೆ. ಇಲ್ಲಿ ಮಧ್ಯಾಹ್ನ, ಅಲ್ಲಿ ಬೆಳಿಗ್ಗೆ. ನಿನ್ನೆ ಏನು ಉಂಡೆ ಎಂಬುದು ಮೊದಲ ಪ್ರಶ್ನೆ. ಪೆಚೆಲ್ ಎಂದು ಮಗ ಹೇಳುತ್ತಾನೆ. ಅವ್ವನಿಗೆ ಆ ಹೆಸರು ನಾಲಗೆಗೆ ಹೊರಳುವುದಿಲ್ಲ, ಅದೇನೆಂದು ಕೇಳುತ್ತಾಳೆ.

'ಶೇಂಗಾ ಚಟ್ನಿನ ಬೇ ಯವ್ವಾ. ಕಾಯಿಪಲ್ಲೆ ಮ್ಯಾಲ ಹಾಕಿ ಕೊಡ್ತಾರ.'

'ಬೆಲ್ಲ ಹಾಕ್ತಾರೇನು?'

'ಹಾಕ್ತಾರ. ಹುಣಸೆಹಣ್ಣೂ ಹಾಕ್ತಾರ.'

ಅವ್ವ ಸ್ವಲ್ಪ ಹೊತ್ತು ಸುಮ್ಮನಿರುತ್ತಾಳೆ.

'ಶೇಂಗಾ ಸಣ್ಣ ಉರಿ ಮ್ಯಾಲ ಹುರಿತಾರೋ ಇಲ್ಲೋ, ಒಂದೀಟು ಕೇಳು.'